ನಾಮದ ಚಿಲುಮೆಯ ದಾರಿಯ ಮುತ್ತುಗ

ಮಾಗಿಯ ಚಳಿ ಬೆಳಗಿನ ಹೊತ್ತಿಗಷ್ಟೇ ಉಳಿದಿದ್ದ ಫೆಬ್ರವರಿಯ ಕೊನೆಯ ವಾರದಲ್ಲಿ ನಾನು ಮೂರು ದಿನ ತುಮಕೂರಿನಲ್ಲಿದ್ದೆ. ದೇವರಾಯನದುರ್ಗದ ಬಂಡೆಗಳ ನಡುವೆ ಬದುಕುವ ಹಳದಿ ಕೊರಳಿನ ಪಿಕಳಾರವನ್ನು ನೋಡಬೇಕೆಂಬುದು ಬಹುಕಾಲದ ಆಸೆಯಾಗಿತ್ತು. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಕಾಡನ್ನು ಬಿಟ್ಟರೆ ಬೇರೆಲ್ಲೂ ಸಿಗದ ಆ ಹಕ್ಕಿ ಕ್ಷಣಕಾಲ ಕಂಡು ಪೊದೆಯೊಳಗೆ ಮರೆಯಾಯಿತು. ಅಮಾನಿಕೆರೆಯ ಉದ್ಯಾನದಲ್ಲಿ ಕಳೆದ ಸಂಜೆಯೂ ಹಿತವಾಗಿಯೇ ಇತ್ತು. ಆದರೆ ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿಗಿಡಗಳು ನನಗೆ ಎಂದೂ ರುಚಿಸಿದ್ದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಮದ ಚಿಲುಮೆಗೆ ಹೋಗುವ ದಾರಿಯ ಒಂದು ಮುತ್ತುಗದ ಮರ. ಒಂದು ಎಲೆಯೂ ಇಲ್ಲದ ಅದರ ಸೊಟ್ಟ ಕೊಂಬೆಗಳ ತುಂಬ, ಕಪ್ಪು ಮಖಮಲ್ಲಿನಂತಹ ತೊಟ್ಟಿಲುಗಳಿಂದ, ಗಿಣಿಯ ಕೊಕ್ಕಿನಂತೆ ಬಾಗಿದ ಕೆಂಡದ ಬಣ್ಣದ ಹೂಗಳು ಹೊರಬಂದಿದ್ದವು. ಗೊರವಂಕಗಳೂ ಕಾಜಾಣಗಳೂ ಬಂದು ಹೋಗುತ್ತಿದ್ದರೂ ಮರ ನಿಜವಾಗಿ ಸೂರಕ್ಕಿಗಳದಾಗಿತ್ತು. ಹತ್ತು ಗ್ರಾಂ ಕೂಡ ತೂಗದ, ಬಿಸಿಲಿಗೆ ಕಡುನೀಲಿಯಾಗಿ ಹೊಳೆಯುವ ಗಂಡು ಸೂರಕ್ಕಿಯೊಂದು ಹೂವಿನ ಬುಡಕ್ಕೆ ಕೊಕ್ಕಿಳಿಸಿದಾಗ, ಮಡಚಿಕೊಂಡಿದ್ದ ಎಸಳು ಬಿಚ್ಚಿ, ಒಳಗಿನ ಕೇಸರಗಳು ಹೊರಚಾಚಿ ಅದರ ಎದೆಗೆ ತಾಗುವುದನ್ನು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಂಡೆ. ಅದೇ ಎದೆ ಮುಂದಿನ ಹೂವಿಗೆ ಪರಾಗವನ್ನು ಒಯ್ಯುತ್ತದೆ. ಸುಮಾರು ಎರಡು ಗಂಟೆ ನಾನು ಅಲ್ಲಿಂದ ಕದಲಲಿಲ್ಲ.

ರಸ್ತೆಯಂಚಿನ ಮನೆಯ ಜಗುಲಿಯಲ್ಲಿ ಅಜ್ಜಿಯೊಬ್ಬರು ಒಣಗಿದ ಮುತ್ತುಗದ ಎಲೆಗಳಿಗೆ ನೀರು ಚಿಮುಕಿಸಿ, ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುತ್ತಿದ್ದರು. "ಆವಾಗ್ಲಿಂದ ಏನ್ ನೋಡ್ತಿದ್ದೀಯಪ್ಪ?" ಎಂದು ಕೇಳಿದರು. ಓದು ಬಾರದವನನ್ನು ಗಂಧವಿಲ್ಲದ ಮುತ್ತುಗದ ಹೂವಿಗೆ ಹೋಲಿಸುವ ಸುಭಾಷಿತವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನಾನು, "ಅಜ್ಜಿ, ಇಷ್ಟು ಚೆಂದದ ಹೂವಿಗೆ ಘಮವೇ ಇಲ್ಲವಲ್ಲ" ಎಂದೆ.

"ಘಮ ಇದ್ದಿದ್ರೆ ನಾವು ಹೆಂಗಸ್ರು ಒಂದನ್ನೂ ಬಿಡ್ತಿರ್ಲಿಲ್ಲ, ಎಲ್ಲಾ ಮುಡ್ಕೊಂಡ್ಬಿಡ್ತಿದ್ವಿ. ಆ ಹಕ್ಕಿಗೆ ಏನ್ ಉಳೀತಿತ್ತು?" ಎಂದರು.

ನಾನು ಉತ್ತರಿಸಲಾಗದೆ ನಿಂತೆ. ಹಕ್ಕಿಗಳು ಹೂವನ್ನು ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ. ಹಕ್ಕಿಯನ್ನು ನೆಂಟನನ್ನಾಗಿ ಮಾಡಿಕೊಂಡ ಮರಕ್ಕೆ ಬಣ್ಣವೂ ಮಕರಂದವೂ ಸಾಕು. ಸುಭಾಷಿತ ಹೇಳಿದವರು ಹೂವನ್ನು ಮೂಗಿನಿಂದಷ್ಟೇ ಅಳೆದರು ಎಂದು ನನಗೆ ಅಂದು ಮೊದಲ ಬಾರಿಗೆ ಅನ್ನಿಸಿತು.

ಮಧ್ಯಾಹ್ನ ಬೆಟ್ಟದ ಮೇಲೆ, ಕೋತಿಯೊಂದು ಬಾಳೆಹಣ್ಣಿದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡಿತು. ಅದರೊಳಗೆ ಹಕ್ಕಿಗಳ ಹೆಸರು ಬರೆದಿಟ್ಟಿದ್ದ ಪುಸ್ತಕವೂ ಇತ್ತು. ಬಂಡೆಯ ಆಚೆ ಬಿದ್ದ ಅದು ಮತ್ತೆ ಸಿಗಲಿಲ್ಲ. ಹೋಗುವವರು ತಿಂಡಿಯನ್ನು ಕೈಯಲ್ಲಿ ಹಿಡಿಯದೆ ಬೆನ್ನಚೀಲದೊಳಗೆ ಇಡಬೇಕು, ಟಿಪ್ಪಣಿ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಳ್ಳಬೇಕು.

ಮೂರನೆಯ ದಿನ ಊರಿಗೆ ಹೊರಡುವ ಮುನ್ನ ಮತ್ತೆ ಆ ಮರದ ಬಳಿಗೆ ಹೋದೆ. ರಾತ್ರಿಯ ಗಾಳಿಗೆ ಅರ್ಧದಷ್ಟು ಹೂ ನೆಲಕ್ಕೆ ಬಿದ್ದಿತ್ತು. "ಯುಗಾದಿ ಕಳೀಲಿ, ಆಮೇಲೆ ಬಾ. ಹೊಸ ಎಲೆ ಬಂದಿರ್ತದೆ, ಊಟಕ್ಕೆ ಹಾಕ್ತೀನಿ" ಎಂದು ಅಜ್ಜಿ ಜಗುಲಿಯಿಂದಲೇ ಕೂಗಿದರು. ಉಳಿದ ಹೂಗಳ ನಡುವೆ ಸೂರಕ್ಕಿಗಳು ಆಗಲೇ ಕೆಲಸಕ್ಕೆ ಇಳಿದಿದ್ದವು.