ಷೇಕ್ಸ್‌ಪಿಯರನ ‘ಜೌಂಡ್ಸ್’ ಬೈಗುಳವೇ?

ಷೇಕ್ಸ್‌ಪಿಯರ್ ಪಾಠ ಶುರುವಾದರೆ ಸಾಕು, ತರಗತಿಯಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಪಾತ್ರಗಳು ‘ಜೌಂಡ್ಸ್’, ‘ಸ್‌ಬ್ಲಡ್’ ಎಂದೆಲ್ಲ ಕೂಗುತ್ತವಲ್ಲ ಸರ್, ಅವು ಬೈಗುಳವೇ? ಅದರಲ್ಲಿ ಬೈದದ್ದೇನು?”

ಬೈಗುಳವೇ ಹೌದು, ಆದರೆ ಹುಟ್ಟಿದ್ದು ಆಣೆಯಿಂದ. ಮಧ್ಯಯುಗದ ಇಂಗ್ಲೆಂಡಿನ ಜನ ಶಿಲುಬೆಗೇರಿದ ಕ್ರಿಸ್ತನ ಗಾಯದ ಮೇಲೆ, ರಕ್ತದ ಮೇಲೆ, ಮೊಳೆಗಳ ಮೇಲೆ ಆಣೆ ಇಡುತ್ತಿದ್ದರು. ಜೂಜಿನಲ್ಲಿ ಸೋತರೂ ಆಣೆ, ಸಿಟ್ಟು ಬಂದರೂ ಆಣೆ. ಹೀಗೆ ಆಣೆ ಇಡುವವರು ಕ್ರಿಸ್ತನ ದೇಹವನ್ನು ಮತ್ತೆ ಹರಿಯುತ್ತಿದ್ದಾರೆ ಎಂದು ಧರ್ಮಬೋಧಕರು ಗದರಿಸುತ್ತಿದ್ದರು. ನಾಲಿಗೆಯ ಚಟ ಬಿಡಲಿಲ್ಲ, ಪಾಪದ ಭಯವೂ ಬಿಡಲಿಲ್ಲ. ಕೊನೆಗೆ ದೇವರ ಹೆಸರನ್ನು ನುಂಗಿಕೊಂಡು ಉಳಿದದ್ದನ್ನು ಮಾತ್ರ ಆಡತೊಡಗಿದರು. ‘ದೇವರ ಗಾಯದಾಣೆ’ (ಗಾಡ್ಸ್ ವೂಂಡ್ಸ್) ಜೌಂಡ್ಸ್ ಆಯಿತು, ‘ದೇವರ ರಕ್ತದಾಣೆ’ (ಗಾಡ್ಸ್ ಬ್ಲಡ್) ಸ್‌ಬ್ಲಡ್ ಆಯಿತು. ‘ದೇವರು ನನ್ನ ಕಣ್ಣು ಕಳೆಯಲಿ’ (ಗಾಡ್ ಬ್ಲೈಂಡ್ ಮಿ) ಎಂಬ ಘೋರ ಶಪಥ ಸವೆದು ಸವೆದು ‘ಬ್ಲೈಮಿ’ ಆದದ್ದು ಬಹಳ ಮುಂದೆ. ಫ್ರೆಂಚರು ‘ದಿಯೂ’ ಅಂದರೆ ದೇವರು ಎನ್ನುವ ಕಡೆ ‘ಬ್ಲೂ’ ಸೇರಿಸಿ ‘ಪಾರ್‌ಬ್ಲೂ’, ‘ಮೋರ್‌ಬ್ಲೂ’ ಎಂದರು.

‘ಅಯ್ಯೋ ಶಿವನೇ’, ‘ರಾಮ ರಾಮಾ’ ಎಂದು ದಿನವಿಡೀ ಉದ್ಗರಿಸುವ ನಮ್ಮ ಮಕ್ಕಳಿಗೆ ಇದು ಸುಲಭವಾಗಿ ತಲೆಗೆ ಹೋಗುವುದಿಲ್ಲ. ನಮ್ಮಲ್ಲಿ ಹೇಗೆ ಕರೆದರೂ ನಾಮಸ್ಮರಣೆಯೇ. ಅಲ್ಲಿ ದೇವರ ಹೆಸರನ್ನು ವ್ಯರ್ಥವಾಗಿ ಎತ್ತುವುದು ಬೈಬಲಿನ ಹತ್ತು ಆಜ್ಞೆಗಳಲ್ಲೊಂದನ್ನು ಮೀರಿದಂತೆ.

ಕಾನೂನೂ ಬಂತು. 1606ರ ಕಾಯ್ದೆಯ ಪ್ರಕಾರ, ರಂಗದ ಮೇಲೆ ದೇವರ ಅಥವಾ ಕ್ರಿಸ್ತನ ಹೆಸರನ್ನು ಹಗುರವಾಗಿ ಬಳಸಿದರೆ ಪ್ರತಿ ಸಲಕ್ಕೂ 10 ಪೌಂಡ್ ದಂಡ. ಅರ್ಧ ರಾಜನಿಗೆ, ಇನ್ನರ್ಧ ದಾವೆ ಹೂಡಿದವನಿಗೆ! ಪ್ರೇಕ್ಷಕರ ನಡುವೆ ಯಾರು ಕಿವಿಗೊಟ್ಟು ಕಾಯುತ್ತಿದ್ದಾರೋ ಎಂಬ ಅಳುಕು ನಟರಿಗೆ ಇದ್ದೇ ಇರಬೇಕು.

‘ಒಥೆಲೊ’ ನಾಟಕದ ಎರಡು ಹಳೆಯ ಮುದ್ರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 1622ರ ಪ್ರತಿಯಲ್ಲಿ ನಾಟಕದ ಖಳ ಇಯಾಗೋ ಬಾಯಿ ತೆರೆಯುವುದೇ ‘ಸ್‌ಬ್ಲಡ್, ನೀನು ನನ್ನ ಮಾತು ಕೇಳುವುದೇ ಇಲ್ಲ’ ಎಂದು. ಷೇಕ್ಸ್‌ಪಿಯರನ ನಾಟಕಗಳನ್ನು ಒಟ್ಟುಗೂಡಿಸಿದ 1623ರ ಸಂಪುಟದಲ್ಲಿ ‘ಸ್‌ಬ್ಲಡ್’ ಮಾಯ. ‘ನೀನು ಕೇಳುವುದೇ ಇಲ್ಲ’ ಎಂಬ ಸಪ್ಪೆ ದೂರಷ್ಟೇ ಉಳಿದಿದೆ. ನಾಟಕದುದ್ದಕ್ಕೂ ಇಂಥ ಹತ್ತಾರು ಆಣೆಗಳು ಬಿದ್ದುಹೋಗಿವೆ. ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ. ಮೊದಲ ಮಾತಿನಲ್ಲೇ ಪವಿತ್ರವಾದದ್ದನ್ನು ತುಳಿಯುವ ಮನುಷ್ಯ ಅವನು. ಆ ಒಂದು ಪದ ಕಿತ್ತರೆ ಅವನ ಪರಿಚಯವೇ ಅರ್ಧವಾಗುತ್ತದೆ. ಇಂದಿನ ಅನೇಕ ಸಂಪಾದಕರು 1622ರ ಆಣೆಗಳನ್ನು ಮತ್ತೆ ಸೇರಿಸಿಯೇ ಅಚ್ಚು ಹಾಕಿಸುತ್ತಾರೆ. ಪಾಠಕ್ಕೆ ನಾನು ಅಂಥ ಪ್ರತಿಯನ್ನೇ ಆರಿಸುತ್ತೇನೆ.