ದೆಹಲಿಗೆ ಗಾಲ್ಫ್ ನೋಡಲು ಹೊರಡುವ ಹುಬ್ಬಳ್ಳಿಯವರಿಗೆ

ಮೊದಲು ಲಾಡ್ಜಿನ ವಿಷಯ, ಏಕೆಂದರೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಷಿಪ್ ಎಂಬ ಗಾಲ್ಫ್ ಪಂದ್ಯಾವಳಿ 2025ರ ಅಕ್ಟೋಬರ್ 16ರಿಂದ 19ರವರೆಗೆ ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ನಡೆಯಿತು. ಮರುದಿನವೇ ದೀಪಾವಳಿ. ರಾತ್ರಿಗೆ 1,800 ರೂಪಾಯಿ ಎಂದು ಫೋನಿನಲ್ಲಿ ಒಪ್ಪಿ ಮುಂಗಡವನ್ನೂ ಪಡೆದಿದ್ದ ಲಾಡ್ಜಿನವನು, ನಾನೂ ಕಾಕಾನೂ ಚೀಲ ಹೊತ್ತು ಎದುರು ನಿಂತಾಗ ‘ಹಬ್ಬದ ದರ’ ಎಂದು 3,200 ಕೇಳಿದ. ಕೋಣೆಗೆ ಕಿಟಕಿಯೇ ಇರಲಿಲ್ಲ. ಬಚ್ಚಲಿನ ನಲ್ಲಿ ಬೆಳಗಿನವರೆಗೆ ಸೋರಿತು. ಎರಡು ರಾತ್ರಿ ರೈಲಿನಲ್ಲಿ ಕಳೆದು ಬಂದ ಹಿರಿಯರನ್ನು ಮತ್ತೆ ಬೀದಿಗೆ ಇಳಿಸುವವರು ಯಾರು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೀವು ಹೋಗುವಾಗ ದರ, ದಿನಾಂಕ, ತೆರಿಗೆ ಮೂರನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡ ಮೇಲೆಯೇ ಹಣ ಕಳಿಸಿ.

ಹುಬ್ಬಳ್ಳಿಯಿಂದ ಸಂಪರ್ಕ ಕ್ರಾಂತಿ ರೈಲೇ ಸರಿ. ಅದು ಹೋಗಿ ನಿಲ್ಲುವುದು ಹಜರತ್ ನಿಜಾಮುದ್ದೀನ್‌ನಲ್ಲಿ. ಅಲ್ಲಿಂದ ಗಾಲ್ಫ್ ಕ್ಲಬ್ ಆಟೋದಲ್ಲಿ ಹತ್ತಿರ. ಆದರೆ ರೈಲು ದಿನವೂ ಇಲ್ಲ, ದಿನ ನೋಡಿಕೊಂಡು ಹೊರಡಬೇಕು. ವೈನಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಭೋಪಾಲ್ ದಾಟಿದರೂ ಕೆಡಲಿಲ್ಲ.

ಇನ್ನು ಆಟ. ಟಿ.ವಿ.ಯಲ್ಲಿ ನೋಡಿ ಹೋದವರಿಗೆ ಮೊದಲ ಗಂಟೆ ನಿರಾಸೆಯೇ. ಹದಿನೆಂಟು ಹೋಲ್‌ಗಳು, ಅಂದರೆ ಚೆಂಡು ಬೀಳಿಸಬೇಕಾದ ಕುಳಿಗಳು, ಮರಗಿಡಗಳ ನಡುವೆ ಹರಡಿಕೊಂಡಿವೆ, ಒಂದು ಕಡೆ ನಿಂತರೆ ಇನ್ನೊಂದು ಕಡೆ ಏನಾಯಿತೆಂದು ಗೊತ್ತಾಗುವುದಿಲ್ಲ. ಎಲ್ಲರೂ ಉತ್ತರ ಐರ್ಲೆಂಡಿನ ಆಟಗಾರ ರೋರಿ ಮೆಕಿಲ್ರಾಯ್ ಹಿಂದೆ ಓಡುತ್ತಾರೆ. ಆ ವರ್ಷದ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಗೆದ್ದು ಗಾಲ್ಫಿನ ಅತಿ ದೊಡ್ಡ ನಾಲ್ಕೂ ‘ಮೇಜರ್’ ಪ್ರಶಸ್ತಿಗಳನ್ನು ಪೂರೈಸಿದವರು, ಜನ ಮುತ್ತುವುದು ಸಹಜ. ಆದರೆ ಕಾಕಾಗೆ ಕಂಡದ್ದು ಬರೀ ತಲೆಗಳು. ಪಂದ್ಯ ನಡೆದ ಲೋಧಿ ಕೋರ್ಸಿನ ಫೇರ್‌ವೇ (ಚೆಂಡು ಸಾಗಬೇಕಾದ ಹುಲ್ಲಿನ ಹಾದಿ) ಬಹಳ ಇಕ್ಕಟ್ಟು, ಅಂಚು ದಾಟಿದ ಚೆಂಡು ಮುಳ್ಳುಪೊದೆಯ ಪಾಲು. ಅದಕ್ಕೆಂದೇ ಮೆಕಿಲ್ರಾಯ್ ಇಲ್ಲಿ ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಕೋಲು, ಮುಟ್ಟದೆ ಆಡಿದರು.

ಹಾಗಾಗಿ ನನ್ನ ಸಲಹೆ: ಯಾರ ಬೆನ್ನೂ ಹತ್ತಬೇಡಿ. ಒಂದು ಗ್ರೀನ್ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸು) ಆರಿಸಿಕೊಂಡು ಹಗ್ಗದ ಪಕ್ಕ ಬೇಗ ಜಾಗ ಹಿಡಿಯಿರಿ, ಆಟಗಾರರೆಲ್ಲ ತಂಡತಂಡವಾಗಿ ನಿಮ್ಮ ಮುಂದೆಯೇ ಬರುತ್ತಾರೆ. ಆಟಗಾರ ಕುಕ್ಕರಗಾಲಲ್ಲಿ ಕುಳಿತು ಹುಲ್ಲಿನ ಇಳಿಜಾರು ಅಳೆಯುತ್ತಾನೆ, ಜನರನ್ನು ಸುಮ್ಮನಿರಿಸುವ ಮಾರ್ಷಲ್ ಎರಡೂ ಕೈ ಎತ್ತುತ್ತಾನೆ, ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮುವುದಿಲ್ಲ. ಆಗ ಚೆಂಡು ಹೊರಳುವುದನ್ನು ಹತ್ತಿರದಿಂದ ನೋಡಬೇಕು. ಭಾನುವಾರ ನಾವು ಹದಿನೆಂಟನೆಯ ಗ್ರೀನ್ ಬಿಟ್ಟು ಕದಲಲಿಲ್ಲ. ಇಂಗ್ಲೆಂಡಿನ ಟಾಮಿ ಫ್ಲೀಟ್‌ವುಡ್ ಕೊನೆಯ ಸುತ್ತನ್ನು 65 ಹೊಡೆತಗಳಲ್ಲಿ ಮುಗಿಸಿ, ಒಟ್ಟು 22 ಅಂಡರ್ ಪಾರ್‌ನೊಂದಿಗೆ (ನಿಗದಿತ ಹೊಡೆತಗಳಿಗಿಂತ 22 ಕಡಿಮೆ; ಗಾಲ್ಫ್‌ನಲ್ಲಿ ಕಡಿಮೆ ಹೊಡೆದವರೇ ಗೆಲ್ಲುವುದು) ಜಪಾನಿನ ಕೀಟಾ ನಕಾಜಿಮಾ ಅವರನ್ನು ಎರಡು ಹೊಡೆತಗಳಿಂದ ಹಿಂದಿಕ್ಕಿದರು. ಅಪ್ಪ ಗೆದ್ದ ದಿನ ಗ್ರೀನ್‌ಗೆ ಓಡಿ ಬರಬೇಕೆಂಬುದು ಫ್ಲೀಟ್‌ವುಡ್ ಅವರ ಮಗನ ಆಸೆಯಾಗಿತ್ತು. ಪುಟ್ಟ ಫ್ರಾಂಕಿ ಓಡಿ ಬಂದೇ ಬಂದ. ಕಾಕಾ ಗಟ್ಟಿ ಮನುಷ್ಯ, ಕಣ್ಣು ಒರೆಸಿಕೊಂಡರು.

ಊಟಕ್ಕೆ ಅಶೋಕ ರಸ್ತೆಯ ಆಂಧ್ರ ಭವನದ ಕ್ಯಾಂಟೀನ್ ತಪ್ಪಿಸಬೇಡಿ. ಕೌಂಟರಿನಲ್ಲಿ ಹಣ ಕೊಟ್ಟು ಚೀಟಿ ಪಡೆಯಬೇಕು, ಸರದಿ ಉದ್ದ, ಅಪರಿಚಿತರ ಪಕ್ಕ ಒತ್ತಿಕೊಂಡು ಕೂರಬೇಕು. ಗದ್ದಲ ಆಗದವರಿಗೆ ಕಷ್ಟ, ನನಗೆ ಅದೇ ಹಿತ. ಪೂರಿ, ಪಪ್ಪು (ಆಂಧ್ರದ ತೊವ್ವೆ), ಪಲ್ಯ, ಸಾಂಬಾರು, ಸಾರು, ಗಟ್ಟಿ ಮೊಸರು. ಬಿಸಿ ಅನ್ನಕ್ಕೆ ಕೆಂಪು ಪುಡಿ ಹಾಕಿ ತುಪ್ಪ ಸುರಿದು ಕಲಸಿದರೆ ಲಾಡ್ಜಿನವನನ್ನೂ ಮರೆಯಬಹುದು. ಬಡಿಸುವವರು ಬೇಡವೆಂದರೂ ಇನ್ನೊಂದು ಸೌಟು ಅನ್ನ ಹಾಕಿಯೇ ಮುಂದೆ ಹೋಗುತ್ತಾರೆ. ಕಾಕಾ ಮೂರು ಸಲ ಅನ್ನ ಹಾಕಿಸಿಕೊಂಡರು, ಯಾರೂ ಮುಖ ಸಿಂಡರಿಸಲಿಲ್ಲ.

ಗಾಳಿ ಕೆಟ್ಟಿರುತ್ತದೆ, ಉಬ್ಬಸ ಇರುವವರು ಮಾಸ್ಕ್ ಒಯ್ಯಿರಿ. ದೀಪಾವಳಿ, ಛಠ್ ಹಬ್ಬಗಳ ಹೊತ್ತಿಗೆ ದೆಹಲಿಯ ನಿಲ್ದಾಣಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಹೋಗುವ ಟಿಕೆಟ್‌ಗಿಂತ ಮೊದಲು ಮರಳುವ ಟಿಕೆಟ್ ಖಚಿತ ಮಾಡಿಕೊಳ್ಳಿ, ವೇಟಿಂಗ್ ಪಟ್ಟಿ ನಂಬಿ ಹೊರಡಬೇಡಿ.