ದೇವರಾಯನದುರ್ಗದ ಬುಡದಲ್ಲಿ ಕಪ್ಪೆ ಪಾಠ

ಕ್ಯಾತಸಂದ್ರದ ತಟ್ಟೆ ಇಡ್ಲಿ ಚೆನ್ನಾಗಿತ್ತು, ಚಟ್ನಿ ನೀರು ನೀರು. ನಾಮದ ಚಿಲುಮೆಯಲ್ಲಿ ಜನ ಜಾಸ್ತಿ, ಸೆಲ್ಫಿ ಇನ್ನೂ ಜಾಸ್ತಿ. ದೇವರಾಯನದುರ್ಗದ ಮೇಲೆ ಯೋಗ ನರಸಿಂಹನಿಗೆ ಕೈ ಮುಗಿದೆವು. ಆದರೆ ಇದನ್ನು ಬರೆಯೋಕೆ ಕಾರಣ ಕೆಳಗಿಳಿದ ಮೇಲೆ ಸಿಕ್ಕ ಟೀ ಅಂಗಡಿ.

ಮಳೆ ಹಿಡಿದಿತ್ತು. ಅಂಗಡಿಯ ನಾಯಿಮರಿ ಚರಂಡಿ ಪಕ್ಕ ಏನನ್ನೋ ಬಾಯಿಗೆ ಹಾಕಿಕೊಂಡು ತಟ್ಟನೆ ಉಗುಳಿತು. ತಲೆ ಕೊಡವುತ್ತಾ ನೊರೆ ಸುರಿಸತೊಡಗಿತು. ಉಗುಳಿದ್ದು ದಪ್ಪನೆಯ ನೆಲಗಪ್ಪೆ. ಅದು ಗಾಬರಿಯೇ ಇಲ್ಲದೆ ಅಲ್ಲೇ ಕೂತಿತ್ತು. ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿಯ ಮೇಲೆ ಹಾಲಿನಂಥ ಅಂಟು.

ಪಕ್ಕದ ಬೆಂಚಿನಲ್ಲಿದ್ದ ಹಿರಿಯರು ಎದ್ದು ಬಂದರು. ಪ್ರಾಣಿಶಾಸ್ತ್ರ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರಂತೆ. ಮರಿಯ ಮೂತಿ ಕೆಳಗೆ ಬಾಗಿಸಿ, ಜಗ್ಗಿನ ನೀರು ಬಾಯಿಯ ಪಕ್ಕದಿಂದ ಹೊರಕ್ಕೇ ಹರಿಯುವ ಹಾಗೆ ಬಿಟ್ಟರು. "ಗಂಟಲಿಗೆ ಇಳೀಬಾರದಮ್ಮ. ತೂರಾಡಿದ್ರೆ ತಡ ಮಾಡದೆ ಡಾಕ್ಟರ ಹತ್ರ ಎತ್ಕೊಂಡು ಹೋಗು" ಅಂದರು ಅಂಗಡಿಯಾಕೆಗೆ.

"ಇದು ನರಕ್ಕೆ ಹೊಡೆಯೋ ವಿಷಾನಾ ಸಾರ್?" ಅಂತ ಸುಮ್ನೆ ಕೇಳಿದೆ. ನನ್ನ ಟೀ ಆರಿಹೋಯಿತು.

"ಇದರದ್ದು ಮುಖ್ಯವಾಗಿ ಹೃದಯದ ಮೇಲೆ. ಜೀವಕೋಶದಿಂದ ಸೋಡಿಯಂ ಹೊರಹಾಕೋ ಪಂಪನ್ನ ತಡೆಯುತ್ತೆ. ಬಡಿತ ಏರುಪೇರಾಗುತ್ತೆ. ನರ, ಸ್ನಾಯುವಿನ ಆಟ ನೋಡಬೇಕಾದ್ರೆ ಕೊಲಂಬಿಯಾಕ್ಕೆ ಹೋಗಪ್ಪ."

ಅಲ್ಲಿನ ಹೊಳೆಯುವ ಹಳದಿ ಕಪ್ಪೆಯ ಬೆನ್ನಿಗೆ ಎಂಬೆರಾ ಬುಡಕಟ್ಟಿನವರು ಬೇಟೆಯ ಅಂಬು ಉಜ್ಜುತ್ತಿದ್ದರಂತೆ. ವಿಷದ ಹೆಸರು ಬಟ್ರಾಕೋಟಾಕ್ಸಿನ್. ನರದಲ್ಲಿ ಸಂದೇಶ ಓಡಬೇಕಾದರೆ ಸೋಡಿಯಂ ಚಾನೆಲ್‌ಗಳು, ಅಂದರೆ ಜೀವಕೋಶದೊಳಕ್ಕೆ ಸೋಡಿಯಂ ಬಿಡುವ ಪುಟ್ಟ ಬಾಗಿಲುಗಳು, ತೆರೆದು, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಚ್ಚಬೇಕು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ಸಂದೇಶ ಒಯ್ಯುವ ರಾಸಾಯನಿಕ ಬಂದು ತಾಕಿದ ಮೇಲೆ ಸ್ನಾಯುವಿನಲ್ಲೂ ಅದೇ ಕೆಲಸ. ಬಟ್ರಾಕೋಟಾಕ್ಸಿನ್ ಹೊಕ್ಕರೆ ಚಾನೆಲ್ ಮುಚ್ಚುವುದೇ ಇಲ್ಲ.

"ತೆರೆದೇ ಇದ್ರೆ ಸ್ನಾಯು ಇನ್ನೂ ಜೋರಾಗಿ ಕೆಲಸ ಮಾಡಬೇಕಲ್ವಾ?"

"ಮೊದಲು ಅದುರುತ್ತೆ. ಆಮೇಲೆ? ಗಂಟೆ ಇನ್ನೊಂದು ಸಲ ಹೊಡೀಬೇಕಾದ್ರೆ ನಾಲಗೆ ಹಿಂದಕ್ಕೆ ಬರಬೇಕಲ್ಲಪ್ಪ!"

ಇನ್ನೊಂದು ವಿಚಿತ್ರ ಹೇಳಿದರು. ಮಧ್ಯ ಅಮೆರಿಕದ ಅಟೆಲೋಪಸ್ ಕಪ್ಪೆಗಳ ಚರ್ಮದಲ್ಲಿ ಟೆಟ್ರೋಡೋಟಾಕ್ಸಿನ್ ಇರುತ್ತದೆ. ಅದು ಇದೇ ಚಾನೆಲ್‌ಗೆ ಬೆಣೆ ಹೊಡೆದು ಮುಚ್ಚುತ್ತದೆ. ಒಂದು ತೆರೆದಿಡುವ ವಿಷ, ಇನ್ನೊಂದು ಮುಚ್ಚಿಡುವ ವಿಷ. ಎರಡರಲ್ಲೂ ಸ್ನಾಯು ಸೋತು ಉಸಿರು ನಿಲ್ಲುತ್ತದೆ. ಬೆಟ್ಟ ಹತ್ತಿದ್ದಕ್ಕಿಂತ ಈ ಮಾತಿಗೇ ನಾನು ಜಾಸ್ತಿ ಬೆರಗಾದೆ.

ಅಷ್ಟರಲ್ಲಿ ಮರಿ ಚೇತರಿಸಿಕೊಂಡು ಬಿಸ್ಕತ್ತಿಗೆ ಬಾಲ ಆಡಿಸುತ್ತಿತ್ತು. ನಮ್ಮ ಬಸ್ ಮಾತ್ರ ಬರಲಿಲ್ಲ. ನೀವು ಹೋದರೆ ವಾಪಸ್ ಬಸ್ಸಿನ ಹೊತ್ತನ್ನು ತುಮಕೂರಿನಲ್ಲೇ ಕೇಳಿಕೊಳ್ಳಿ. ದಾರಿಯಲ್ಲಿ ಸಿಕ್ಕವರೆಲ್ಲ "ಈಗ ಬರ್ತದೆ" ಅನ್ನುತ್ತಾರೆ. ಆಟೋದವನು ಮಳೆ ನೋಡಿ ಬಾಡಿಗೆ ಏರಿಸಿದ್ದು ನನಗಿನ್ನೂ ಉರಿಯುತ್ತದೆ.

ಮೇಷ್ಟ್ರೂ ನಮ್ಮ ಜೊತೆಗೇ ಹತ್ತಿದರು. ಆ ಹಳದಿ ಕಪ್ಪೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿಸಿ ಸಾಕಿದರೆ ವಿಷವೇ ಇರೋಲ್ಲ, ಕಾಡಿನ ಹುಳ ತಿಂದರೇನೇ ವಿಷ ಅಂತ ಮತ್ತೆ ಶುರು ಮಾಡಿದರು. ಆಟೋದವನು ತಿರುಗಿ, "ಹಂಗಾದ್ರೆ ಆ ಹುಳ ಏನ್ ತಿಂತದೆ ಸಾರ್?" ಅಂದ. ಕ್ಯಾತಸಂದ್ರ ಬರೋವರೆಗೂ ಅದೇ ಚರ್ಚೆ.